ಬಿಸಿಲೈತೆ, ಹೋಗ್ತೀನ್ರಿ

ದಾವಣಗೆರೆ
ಶುಕ್ರವಾರ, 12-3-1982

ಪ್ರೀತಿಯ ಹಜೀರಾ ಆಪಾಗೆ ನಿನ್ನ ತಮ್ಮ ರೌಫ್ ಮಾಡುವ ಸಲಾಂ.

ನೀನು, ಭಾವ, ಮಗು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಹೋದ ಪತ್ರದಲ್ಲಿ ಸೊಂಟನೋವು ಅಂತ ಬರೆದಿದ್ದೆಯಲ್ಲ, ಈಗ ಹೇಗಿದೆ? ಕುವೈತಿನಲ್ಲಿ ಬಟ್ಟೆ ಒಗೆಯೋಕೂ ಮಿಷನ್ ಇದೆ ಅಂತ ಅಮ್ಮಿ ನಮ್ಮ ಓಣಿಗೆಲ್ಲ ಡಂಗುರ ಹೊಡೆದು ಬಂದಿದ್ದಾಳೆ. ಹಾಗಿದ್ದ ಮೇಲೆ ಸೊಂಟ ಯಾಕೆ ನೋಯಬೇಕು ಅನ್ನೋದು ಈಗ ಅವಳ ದೊಡ್ಡ ಪ್ರಶ್ನೆ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊ ಅಂತ ಬರೆಯಲು ಹೇಳಿದಳು, ಬರೆದಿದ್ದೇನೆ. ಮಗುವಿಗೆ ಹಲ್ಲು ಬಂದವಾ? ಫೋಟೋದಲ್ಲಿ ಅವನು ಭಾವನ ಹಾಗೇ ಹುಬ್ಬು ಗಂಟು ಹಾಕಿಕೊಂಡಿದ್ದಾನೆ, ಈಗಲೇ ಯಾರಿಗೋ ಬೈಯಲು ತಯಾರಾದಂತೆ. ಇಲ್ಲಿ ಅಮ್ಮಿಯ ಮಂಡಿನೋವು ಇದ್ದಹಾಗೇ ಇದೆ, ಬಾಯಿಯೂ ಇದ್ದಹಾಗೇ ಇದೆ. ನನಗೆ ಸ್ವಲ್ಪ ಕೆಮ್ಮಿತ್ತು, ಹೋಯಿತು. ಬಿಸಿಲು ಶುರುವಾಗಿದೆ. ನಮ್ಮ ನಾಟಕ ಕಂಪನಿಯ ಥಿಯೇಟರಿನ ತಗಡು ಹನ್ನೊಂದು ಗಂಟೆಗೇ ಕಾದು ಟಕ ಟಕ ಅನ್ನುತ್ತೆ, ತಾಲೀಮಿಗೆ ಕೂತರೆ ಬೆವರು ಹಾರ್ಮೋನಿಯಂ ಪೇಟಿಯ ಮನೆಗಳ ಮೇಲೆ ತೊಟ್ಟಿಕ್ಕುತ್ತೆ.

ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ಮಂಡಿಪೇಟೆಯ ಮೌಲಾ ಸಾಬ್ ಚಾಚಾ ಮಗನನ್ನು ನೋಡಲು ನಿಮ್ಮೂರಿಗೇ ಹೊರಟಿದ್ದಾರೆ. ಸೋಮವಾರ ಬೆಳಿಗ್ಗೆ ಇಲ್ಲಿ ಬಿಟ್ಟು ಬೊಂಬಾಯಿಗೆ ಹೋಗಿ ಅಲ್ಲಿಂದ ವಿಮಾನ. ಅವರ ಕೈಯಲ್ಲಿ ಕಳಿಸುತ್ತಿರುವುದರಿಂದ ಕಾಗದಕ್ಕೆ ಬರವಿಲ್ಲ, ಕೈ ಸೋಲುವ ತನಕ ಬರೆಯಬಹುದು. ಅಮ್ಮಿ ಚಟ್ನಿಪುಡಿಯ ಜೊತೆ ಒಂದು ದೊಡ್ಡ ಚೀಲ ಮಂಡಕ್ಕಿಯನ್ನೂ ಕಟ್ಟಿಟ್ಟಿದ್ದಾಳೆ. ವಿಮಾನದಲ್ಲಿ ತೂಕ ನೋಡುತ್ತಾರಮ್ಮಾ ಅಂದರೆ, ಮಂಡಕ್ಕಿಗೆ ಎಲ್ಲಿಯ ತೂಕ ಅಂತ ನನ್ನನ್ನೇ ಕೇಳಿದಳು. ಚಾಚಾ ಪಾಪ ಒಳ್ಳೆಯವರು, ಅಷ್ಟು ದೊಡ್ಡ ಚೀಲ ನೋಡಿಯೂ ನಕ್ಕು ಸುಮ್ಮನಾದರು.

ನಿನ್ನ ಪತ್ರ ಬಂದು ಬಹಳ ದಿನ ಆಯಿತು. ಉತ್ತರ ಬರೆದಿಲ್ಲ ಅಂತ ನೀನು ಹಲ್ಲು ಕಡಿಯುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನೀನು ಕೇಳಿದ್ದು ಒಂದೇ ಮಾತು. ಶಹಜಾದಿ ಏನೋ ಮುನಿಸಿಕೊಂಡು ಮದುವೆ ಬೇಡ ಅಂದಿದ್ದಾಳೆ, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಏಪ್ರಿಲಿನಲ್ಲಿ ಭಾವ ರಜೆಯ ಮೇಲೆ ಬರುತ್ತಾರೆ, ಹರಿಹರಕ್ಕೆ ಹೋಗಿ ತಂಗಿಯನ್ನು ಕೂರಿಸಿಕೊಂಡು ಕೇಳುತ್ತಾರೆ. ತನ್ನನ್ನು ಓದಿಸಿ ಟೀಚರ್ ಮಾಡಿದ ಅಣ್ಣನ ಮಾತಿಗೆ ಅವಳು ಯಾವತ್ತೂ ಎದುರಾಡಿದವಳಲ್ಲ. ನೀನು ಹೂಂ ಅನ್ನು ಸಾಕು, ಉಳಿದದ್ದು ನಮಗೆ ಬಿಡು. ಇಷ್ಟೇ ತಾನೇ ನೀನು ಬರೆದದ್ದು? ನಿನ್ನ ನಾದಿನಿಯೇ ನಿನ್ನ ತಮ್ಮನನ್ನು ಬೇಡ ಅಂದರೆ ನಿನಗೆ ಎರಡೂ ಕಡೆ ಮುಖ ಎತ್ತುವುದು ಕಷ್ಟ, ಅದು ನನಗೆ ಗೊತ್ತು. ಹೂಂ ಅನ್ನೋದಾ ಬೇಡವಾ ಅನ್ನೋದನ್ನು ಆಮೇಲೆ ಬರೆಯುತ್ತೇನೆ. ಮೊದಲು ಏನು ನಡೆಯಿತು ಅಂತ ಹೇಳಬೇಕು. ನಿನಗೆ ಅಮ್ಮಿ ಬರೆಸಿದ ಕಥೆಯೂ ಬಂದಿರಬೇಕು, ನಿನ್ನ ಅತ್ತೆ ಬರೆಸಿದ ಕಥೆಯೂ ಬಂದಿರಬೇಕು. ಎರಡರಲ್ಲೂ ಜಗಳ ಇರುತ್ತೆ. ನಿಜವಾಗಿ ಜಗಳವೇ ಆಗಿರಲಿಲ್ಲ.

ಜನವರಿಯಲ್ಲಿ ಒಂದು ಶನಿವಾರ ಶಹಜಾದಿ, ಮಾತಾಡುವುದಿದೆ ಬರ್ರಿ ಅಂತ ಹೇಳಿ ಕಳಿಸಿದ್ದಳು. ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಅವಳ ಶಾಲೆ ಕೊಕ್ಕನೂರಿನಲ್ಲಿದೆ, ನಿನಗೆ ಗೊತ್ತಲ್ಲ. ಶನಿವಾರ ಅರ್ಧ ದಿನ. ಮಧ್ಯಾಹ್ನದ ಬಸ್ಸಿನಿಂದ ಇಳಿದಳು, ಕೈಯಲ್ಲಿ ಕೊಡೆ, ಬಗಲಲ್ಲಿ ಮಕ್ಕಳ ಕಾಪಿ ಪುಸ್ತಕಗಳ ಗಂಟು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆವು. ಪಾಠ ಹೇಳುವ ಹಾಗೆ, ಮೊದಲೇ ಯೋಚಿಸಿಕೊಂಡು ಬಂದದ್ದನ್ನು ಒಂದೊಂದಾಗಿ ಹೇಳಿದಳು. "ಕಂಪ್ನಿ ಬಿಡ್ರಿ ಅಂತ ನಾನು ಅನ್ನಲ್ಲ. ಪೇಟಿ ಇಲ್ದೆ ನೀವು ನೀವಾಗಿ ಇರಲ್ಲ, ನನಗೆ ಗೊತ್ತೈತೆ. ಆದ್ರೆ ಊರೂರು ಕ್ಯಾಂಪ್ ತಿರುಗಾದು ನನಗಾಗಲ್ಲ. ನಿಮ್ಮನ್ಯಾಗ ಕುಂತು ದಾರಿ ಕಾಯಾದೂ ನನಗಾಗಲ್ಲ. ನನಗ ನನ್ನ ಸಾಲಿ ಬೇಕು." ನಿಶ್ಚಯದ ಉಂಗುರ ಆಗಲೇ ಅಮ್ಮಿಯ ಕೈ ಸೇರಿದೆ ಅಂತಲೂ ಹೇಳಿದಳು. ಅವಳು ಹೇಳಿದ್ದರಲ್ಲಿ ಸುಳ್ಳು ಅಂತ ಎತ್ತಿ ತೋರಿಸುವಂಥದ್ದು ಒಂದೂ ಇರಲಿಲ್ಲ. ಆಮೇಲೆ ಎದ್ದು ಕೊಡೆ ಬಿಚ್ಚಿ, "ಬಿಸಿಲೈತೆ, ನೀವು ನಿಲ್ಲಬ್ಯಾಡ್ರಿ. ನಾನು ಹೋಗ್ತೀನ್ರಿ" ಅಂದು ಮನೆಯ ಕಡೆ ನಡೆದಳು.

ಅಲ್ಲೇ ನೋಡು ಆಪಾ ನಾನು ಸಿಕ್ಕಿಕೊಂಡದ್ದು. ಹೋಗ್ತೀನಿ ಅಂತ ಯಾರಾದರೂ ಅಂತಾರಾ? ಪಕ್ಕದ ಮನೆಗೆ ಉಪ್ಪು ಕೇಳಲು ಬಂದವಳೂ ಬರ್ತೀನ್ರಿ ಅಂತಲೇ ಹೋಗುತ್ತಾಳೆ. ಬೀಗರು ಜಗಳ ಮಾಡಿಕೊಂಡು ಚಪ್ಪಲಿ ಮೆಟ್ಟುವಾಗಲೂ ಬರ್ತೀವಿ ಅಂತಾರೆ. ನಮ್ಮ ಮನೆಯ ಮಾತಿನಲ್ಲೂ ಹೋಗಿ ಬರ್ತೀನಿ ಅನ್ನೋಕೆ ಜಾಕೆ ಆತೂಂ ಅಂತೀವಿ, ಬರೀ ಜಾತೂಂ ಅಂದರೆ ಅಮ್ಮಿ ಬಾಗಿಲಿಂದಲೇ ವಾಪಸ್ ಕರೆದು ನೀರು ಕುಡಿಸಿ ಕಳಿಸುತ್ತಾಳೆ. ಶಹಜಾದಿಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. ಅವಳು ಕನ್ನಡ ಕಲಿಸುವ ಟೀಚರ್. ನನ್ನ ಹಾಡುಗಳಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದವಳು. ಬಾಯಿತಪ್ಪಿ ಬಂದ ಮಾತಲ್ಲ ಅದು. ದಾವಣಗೆರೆ ಬಸ್ಸಿನಲ್ಲಿ ಕೂತು ಬರುವಾಗ ನನ್ನ ತಲೆಯಲ್ಲಿ ಮದುವೆ ಮುರಿದದ್ದಕ್ಕಿಂತ ಆ ಒಂದು ಶಬ್ದವೇ ತಿರುಗುತ್ತಿತ್ತು.

ಇದಾದ ಸ್ವಲ್ಪ ದಿನಕ್ಕೆ ನಮ್ಮ ಮಾಲೀಕರು ಮುರುಗೇಶಪ್ಪನವರು ಹೊಸ ನಾಟಕ ಎತ್ತಿಕೊಂಡರು. ಹೆಸರು ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಹೇಳುವುದಿಲ್ಲ. ಎರಡನೆಯ ಅಂಕದ ಕೊನೆಗೆ ನಾಯಕಿ ಗಂಡನ ಮನೆ ಬಿಟ್ಟು ಹೋಗುತ್ತಾಳೆ, ಅಲ್ಲಿಗೆ ಒಂದು ಹಾಡು ಬೇಕು. "ಹೆಣ್ಮಕ್ಳು ಸೆರಗು ಕಣ್ಣಿಗೆ ಹಚ್ಬೇಕು ನೋಡ್ರಿ ಮಾಸ್ತರ್ರೆ. ಈಗ ನಿಮಗೂ ಅನುಭವ ಆಗೈತಿ, ಹಾಡು ಭೇಷ್ ಬರ್ತೈತಿ" ಅಂದರು. ಕಂಪನಿಯಲ್ಲಿ ಗುಟ್ಟು ಅಂತ ಒಂದು ಇರುವುದಿಲ್ಲ, ಅಡುಗೆಯವನ ತನಕ ಎಲ್ಲರಿಗೂ ಗೊತ್ತಿತ್ತು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನೋವಾದರೆ ಹಾಡು ತಾನಾಗೇ ಉಕ್ಕಿ ಬರುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬೇಜಾರಾದರೆ ನನಗೆ ಹಾಡು ಬರುವುದಿಲ್ಲ, ನಿದ್ದೆ ಬರುತ್ತೆ. ಒಂದು ವಾರ ಊಟ ಮಾಡುವುದು, ಮಲಗುವುದು, ಆಟಕ್ಕೆ ಪೇಟಿ ಬಾರಿಸುವುದು, ಮತ್ತೆ ಮಲಗುವುದು ಇಷ್ಟೇ ಮಾಡಿದೆ.

ಆಮೇಲೆ ಕೂತೆ. ಮೊದಲು ಜೋಗಿಯಾ ರಾಗ ಹಿಡಿದೆ. ಅಳಿಸುವ ರಾಗ ಅಂತ ನಮ್ಮ ಕಸುಬಿನವರೆಲ್ಲ ಮೊದಲು ಕೈ ಹಾಕುವುದು ಅದಕ್ಕೇ. ಎರಡು ಸಾಲು ಮಾಡಿದೆ, ಚೆನ್ನಾಗಿಯೇ ಬಂತು. ತಬಲಾದ ಕರಿಬಸವರಾಜ ತಲೆದೂಗಿದ. ಆದರೆ ನನ್ನ ಕಿವಿ ಒಪ್ಪಲಿಲ್ಲ. ಅವಳು ಅತ್ತಿರಲಿಲ್ಲವಲ್ಲ. ಕಂಡಕ್ಟರಿಗೆ ಕೊಕ್ಕನೂರು ಒಂದು ಅನ್ನುವ ದನಿಯಲ್ಲೇ ಹೋಗ್ತೀನ್ರಿ ಅಂದಿದ್ದಳು. ಆ ಮಾತನ್ನು ತಂದು ಜೋಗಿಯಾದಲ್ಲಿ ಅದ್ದಿದರೆ ಅದು ನನ್ನ ಅಳುವಾಗುತ್ತೆ, ಅವಳ ಮಾತು ಆಗುವುದಿಲ್ಲ. ಎರಡು ಸಾಲನ್ನೂ ಬಿಟ್ಟೆ. ಪೀಲು ನೋಡಿದೆ, ಅದು ಬಹಳ ಸಿಂಗಾರ ಮಾಡಿಕೊಳ್ಳುತ್ತೆ. ಕೊನೆಗೆ ರಾಗದ ಹೆಸರನ್ನೇ ಬದಿಗಿಟ್ಟು ಅವಳು ಹೇಳಿದ ಹಾಗೇ ಆ ಶಬ್ದವನ್ನು ಮೆಲ್ಲಗೆ ಹೇಳಿಕೊಳ್ಳುತ್ತಾ ಪೇಟಿಯ ಮೇಲೆ ಬೆರಳಾಡಿಸಿ ಅದು ಯಾವ ಮನೆಯಲ್ಲಿ ಕೂಡುತ್ತೆ ಅಂತ ಹುಡುಕಿದೆ. ಮಾತಿಗೂ ಸ್ವರ ಇರುತ್ತೆ ಆಪಾ. ಅಮ್ಮಿ ನಿನ್ನನ್ನು ಕೂಗುತ್ತಿದ್ದದ್ದು ಒಂದು ಸ್ವರ, ನನ್ನನ್ನು ಕೂಗುವುದೇ ಬೇರೆ, ಯೋಚಿಸಿ ನೋಡು.

ಸಿಕ್ಕಿತು. ಹೋ ಅನ್ನುವುದು ಗಾಂಧಾರದಲ್ಲಿ ಎದ್ದಿತು, ಆಮೇಲೆ ಇಳಿದು ನಿ ಅನ್ನುವುದು ರಿಷಭಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗೆ ಸಾ ಇದೆ, ಹಾಡು ಬಂದು ಕೂಡುವ ಜಾಗ ಅದು. ಆದರೆ ನಾನು ಅಲ್ಲಿಗೆ ಇಳಿಸಲಿಲ್ಲ. ರಿಷಭದಲ್ಲಿ ನಿಲ್ಲಿಸಿದರೆ ಕೇಳುವವರ ಕಿವಿ ಇನ್ನೂ ಏನೋ ಬರುತ್ತೆ ಅಂತ ಕಾಯುತ್ತೆ, ಬಾಗಿಲು ಪೂರ್ತಿ ಹಾಕಿದ ಹಾಗೆ ಆಗುವುದಿಲ್ಲ. ಅದರಿಂದ ಹಾಡಿಗೆ ಒಂದು ಸೆಳೆತ ಬಂತು. ನನಗೆ ಭಾರಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವತ್ತು ಮಧ್ಯಾಹ್ನ ಒಬ್ಬನೇ ಹೋಟೆಲಿಗೆ ಹೋಗಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಬಂದೆ. ಮದುವೆ ಮುರಿದವನು ಹೀಗೆ ಖುಷಿಪಡಬಹುದಾ ಅಂತ ನಡುವೆ ಒಂದು ಯೋಚನೆ ಬಂತು, ಮೆಣಸಿನಕಾಯಿ ಖಾರ ಇತ್ತು, ಮರೆತುಹೋಯಿತು.

ಸ್ವರ ಸಿಕ್ಕ ಮೇಲೆ ಪದ. ಇದು ಇನ್ನೂ ತಾಪತ್ರಯ. ಮೊದಲು ಹೊಳೆ ಬರೆದೆ, ಸೇತುವೆ ಬರೆದೆ, ಹರಿದ ನೀರು ತಿರುಗಿ ಬಾರದು ಅಂತಲೂ ಬರೆದೆ. ಬರೆಯುತ್ತಿದ್ದಂತೆಯೇ ಅವಳ ಕೆಂಪು ಪೆನ್ಸಿಲು ಕಣ್ಣಿಗೆ ಬಂತು. ಹೋದ ವರ್ಷ ಕೊಂಡಜ್ಜಿಯ ಸ್ಕೌಟ್ ಕ್ಯಾಂಪಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಅವರಿಗೆ ಹಾಡಲು ಒಂದು ಪದ ಕಟ್ಟಿಕೊಡ್ರಿ ಅಂದಿದ್ದಳು. ನಾನು ಕೆರೆ, ಹೊಳೆ, ಚಂದಿರ ಎಲ್ಲ ತುಂಬಿ ಕೊಟ್ಟಿದ್ದೆ. "ಹೊಳಿ ಯಾಕ್ರಿ? ಎಲ್ರ ಹಾಡಿನಾಗೂ ಹೊಳಿ ಐತೆ. ಈ ಮಕ್ಳು ಬುತ್ತಿ ಕಟ್ಕೊಂಡು ಬಂದಾವು, ಬುತ್ತಿ ಬಗ್ಗೆ ಬರೀರಿ" ಅಂದಿದ್ದಳು. ಬರೆದಿದ್ದೆ. ಮಕ್ಕಳು ಇಡೀ ಕ್ಯಾಂಪು ಅದನ್ನೇ ಹಾಡಿ ಬೇರೆ ಶಾಲೆಯವರ ತಲೆ ತಿಂದವು. ಹಾಗಾಗಿ ಈಗಲೂ ಹೊಳೆ ಹೊಡೆದು ಹಾಕಿದೆ, ಸೇತುವೆಯನ್ನೂ ಹೊಡೆದೆ. ಮನೆ ಬಿಟ್ಟು ಹೋಗುವ ಹೆಂಗಸು ಹೊಸ್ತಿಲಲ್ಲಿ ನಿಂತು ಹೊಳೆಯ ಬಗ್ಗೆ ಯಾಕೆ ಮಾತಾಡುತ್ತಾಳೆ? ಒಲೆಯ ಮೇಲೆ ಏನಿದೆ ಅಂತ ಹೇಳುತ್ತಾಳೆ. ಹಾಗೆ ಬರೆದದ್ದು ಇದು, ನೋಡು:

ಹಾಲು ಕಾಸಿಟ್ಟೀನಿ, ಮುಚ್ಚಳ ಮುಚ್ಚೀನಿ,
ರೊಟ್ಟಿ ಬುಟ್ಟಿಯಾಗೈತೆ, ಹೋಗ್ತೀನಿ.
ಬಾಗಿಲಿಗೆ ಬರಬ್ಯಾಡ, ಬಿಸಿಲೈತೆ ಹೊರಗ,
ಹೆಸರ್ಹಿಡಿದು ಕೂಗಬ್ಯಾಡ, ಹೋಗ್ತೀನಿ.

ಬಿಸಿಲೈತೆ ಅನ್ನುವುದು ಅವಳದ್ದೇ ಅಂತ ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಹಾಲು, ರೊಟ್ಟಿ ನನ್ನವು. ಈ ನಾಲ್ಕು ಸಾಲು ಬರೆದ ಮೇಲೆ, ತಿದ್ದಿಸಲು ಯಾರಿಗೆ ತೋರಿಸಲಿ ಅಂತ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, ಎದ್ದು ನಿಂತೂ ಬಿಟ್ಟಿದ್ದೆ. ಹರಿಹರದ ಬಸ್ಸಿಗೆ. ಆಗ ಅಳು ಬಂತು ಆಪಾ. ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದುಕೊಂಡು, ಮುಚ್ಚಳಕ್ಕೆ ಚ ಒತ್ತು ಇದೆಯಾ ಅಂತ ನಾನೇ ನೋಡಿಕೊಂಡೆ.

ಮನೆಯಲ್ಲಿ ಕೂತು ಹಾಡಿಕೊಳ್ಳುವಾಗ ಮೊದಲು ತಕರಾರು ತೆಗೆದವಳು ಅಮ್ಮಿ. ಅಡುಗೆಮನೆಯಿಂದಲೇ, ಹಗಲು ಹೊತ್ತಿನಲ್ಲಿ ಹೋಗ್ತೀನಿ ಹೋಗ್ತೀನಿ ಅಂತ ಯಾಕೆ ಬಾಯಿ ಬಡಕೊಳ್ತೀಯ, ಬರ್ತೀನಿ ಅಂತ ಹಾಡು ಅಂದಳು. ಹಾಡು ಅಮ್ಮಿ ಇದು ಅಂದರೆ, ಹಾಡಾದರೆ ಏನು, ಮೇಲಿಂದ ಕೇಳಿ ಆಮೀನ್ ಅನ್ನೋ ಫರಿಷ್ತೆಗೆ ಇದು ಹಾಡು ಅಂತ ಹೆಂಗೆ ಗೊತ್ತಾಗುತ್ತೆ ಅಂದಳು. ಅವಳಿಗೆ ನಾನು ಯಾರ ಮಾತು ಹಾಡುತ್ತಿದ್ದೇನೆ ಅಂತ ಗೊತ್ತಿಲ್ಲ. ಗೊತ್ತಾದರೆ ಆ ಮಾತು ಆಡಿದವಳಿಗೂ ನೀರು ಕುಡಿಸಲು ಹರಿಹರಕ್ಕೆ ಹೊರಡುತ್ತಾಳೆ, ಅದಕ್ಕೇ ಹೇಳಿಲ್ಲ.

ತಾಲೀಮಿನಲ್ಲಿ ಇನ್ನೂ ದೊಡ್ಡ ರಾಮಾಯಣ. ಹಾಡುವವಳು ನಾಗಕ್ಕ. ನಮ್ಮ ಕಂಪನಿಯ ಹಿರೇ ನಟಿ, ನಲವತ್ತು ದಾಟಿದೆ, ಬಣ್ಣ ಹಚ್ಚಿದರೆ ಇಪ್ಪತ್ತು. ಅವಳಿಗೆ ಹಕಾರ ಬರುವುದಿಲ್ಲ. ಹಾಲು ಆಲು, ಹೋಗ್ತೀನಿ ಓಗ್ತೀನಿ. ಹೋ ಅನ್ನುವಾಗ ಎದೆಯಿಂದ ಉಸಿರು ಹೊರಗೆ ಬಿಡಬೇಕು ನಾಗಕ್ಕ, ಹಾಡು ಇರುವುದೇ ಆ ಉಸಿರಿನಲ್ಲಿ ಅಂತ ನಾನು, ಬಿಟ್ಟೀನಲ್ರೀ ಅಂತ ಅವಳು. ಅದನ್ನು ಕಲಿಸುವುದಕ್ಕೇ ನಾನು ಅರ್ಧ ಸತ್ತೆ. ಅಷ್ಟೊತ್ತಿಗೆ ಮುರುಗೇಶಪ್ಪನವರು ಬಂದು ಕೂತರು. ಪೂರ್ತಿ ಕೇಳಿದರು. ಕಣ್ಣು ಒರೆಸಿಕೊಂಡರು, ಅದೂ ನಿಜ. ಒರೆಸಿಕೊಂಡು, "ಭಾಳ ಚಲೋ ಐತ್ರಿ ಮಾಸ್ತರ್ರೆ. ಆದ್ರ ರಂಗದ ಮ್ಯಾಲೆ ಹೋಗ್ತೀನಿ ಅನ್ನಾದು ಬ್ಯಾಡ. ಹೋಗ್ತೀನಿ ಹೋಗ್ತೀನಿ ಅಂದು ಕಲೆಕ್ಷನ್ನೇ ಹೋದೀತು. ಹೋಗಿ ಬರ್ತೀನಿ ಅನ್ರಿ" ಅಂದರು. ಬ ಅಂದರೆ ತುಟಿ ಮುಚ್ಚಿಕೊಳ್ಳುತ್ತೆ, ಉಸಿರು ಒಳಗೇ ಉಳಿಯುತ್ತೆ, ಸ್ವರ ಎಳೆಯಲು ಬರುವುದಿಲ್ಲ ಅಂತೆಲ್ಲ ಹೇಳಿ ನೋಡಿದೆ. ಅವಳು ವಾಪಸ್ ಬರುವವಳೇ ಅಲ್ಲವಲ್ಲ ಅಂತಲೂ ಅಂದೆ. "ಮೂರನೇ ಅಂಕದಾಗ ಬರ್ತಾಳಲ್ರೀ! ನಾಟಕ ನೀವು ಓದಿಲ್ಲೇನು?" ಅಂದರು. ನಿಜ, ಬರುತ್ತಾಳೆ. ಅದು ನನಗೆ ಮರೆತೇ ಹೋಗಿತ್ತು. ಕರಿಬಸವರಾಜ ತಬಲಾದ ಮೇಲೆ ತಲೆಯಿಟ್ಟು ನಕ್ಕ.

ಕೊನೆಗೆ ರಾಜಿ ಆಯಿತು. ಮೊದಲೆಲ್ಲ ಹೋಗ್ತೀನಿ ಅಂತಲೇ ಹಾಡುವುದು, ಕಟ್ಟಕಡೆಯ ಸಲ ಮಾತ್ರ ಹೋಗಿ ಬರ್ತೀನಿ. ಒಪ್ಪಿಕೊಂಡು ಬಾರಿಸಿ ನೋಡಿದರೆ ಆಶ್ಚರ್ಯ, ಅಳತೆ ಮಾಡಿ ಹೊಲಿಸಿದ ಅಂಗಿಯ ಹಾಗೆ ಸರಿಯಾಗಿ ಕೂತಿತು. ರಿಷಭದಲ್ಲಿ ಹಾಡನ್ನು ನಿಲ್ಲಿಸಿದ್ದೆನಲ್ಲ, ಅಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಬರ್ತೀನಿ ಅನ್ನುವುದು ಬಂದು ಕೂತುಕೊಂಡು, ಮತ್ತೆ ರಿಷಭವನ್ನೇ ಹಿಡಿದು ತೂಗಾಡಿತು. ಎಲ್ಲರಿಗೂ ಸಮಾಧಾನ. ನಾಗಕ್ಕನಿಗೂ ಖುಷಿ, ಬರ್ತೀನಿಯಲ್ಲಿ ಹಕಾರ ಇಲ್ಲ. ನನಗೂ ಒಂಥರಾ ಹಗುರವಾಯಿತು. ಹೋಗ್ತೀನಿ ಅಂದವಳು ಬರ್ತೀನಿ ಅನ್ನುವುದು ಅಂಥ ದೊಡ್ಡ ವಿಷಯವೇನಲ್ಲ, ಅರ್ಧ ಸಾಲು ತಿದ್ದಿದರೆ ಆಯಿತು ಅನ್ನಿಸಿತು. ನಾಡಿದ್ದು ಭಾನುವಾರ ಮಧ್ಯಾಹ್ನದ ಆಟಕ್ಕೆ ನಾಟಕ ಶುರು. ಮಧ್ಯಾಹ್ನದ ಆಟಕ್ಕೆ ಹೆಂಗಸರು ಹೆಚ್ಚು ಬರುತ್ತಾರೆ.

ಈಗ ನಿನ್ನ ಪ್ರಶ್ನೆ. ಇಷ್ಟು ದಿನ ಉತ್ತರ ಯಾಕೆ ಬರೆದಿರಲಿಲ್ಲ ಅಂದರೆ ನನಗೇ ಗೊತ್ತಿರಲಿಲ್ಲ. ಇವತ್ತಿನ ತಾಲೀಮಿನ ಮೇಲೆ ಬರೆಯುವ ಧೈರ್ಯ ಬಂದಿದೆ. ಅವಳ ಶಾಲೆ ಅವಳು ಬಿಡುವುದು ಬೇಡ, ನಾನು ಪೇಟಿ ಬಿಡುವುದು ಬೇಡ, ಕ್ಯಾಂಪ್ ಹತ್ತಿರ ಇದ್ದಾಗ ನಾನೇ ಹರಿಹರಕ್ಕೆ ಹೋಗಿ ಬಂದು ಮಾಡಿದರಾಯಿತು. ಭಾವ ಕೂತು ಹೇಳಿದರೆ ಅವಳು ಇಲ್ಲ ಅನ್ನುವುದಿಲ್ಲ ಅಂತ ನೀನು ಬರೆದದ್ದು ನಿಜವೇ. ಹಾಗಾಗಿ ಹೂಂ. ನೀನು ಹೇಳಿದ ಹಾಗೆ ಆಗಲಿ.

ಭಾವನಿಗೆ ನನ್ನ ಸಲಾಂ ಹೇಳು. ಮಗುವಿನ ಗಂಟು ಹಾಕಿದ ಹುಬ್ಬಿನ ಮೇಲೆ ಮಾಮನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಸೊಂಟ ಜೋಪಾನ, ಭಾರ ಎತ್ತಬೇಡ, ಮಂಡಕ್ಕಿ ಚೀಲ ಬೇಕಾದರೆ ಎತ್ತು. ಅಮ್ಮಿ ನಿಮಗೆಲ್ಲ ದುವಾ ಹೇಳಿದ್ದಾಳೆ, ಜೊತೆಗೆ ಎಳ್ಳೆಣ್ಣೆಯ ಮಾತನ್ನು ಇನ್ನೊಂದು ಸಲ ಬರಿ ಅಂದಳು. ನಿಮ್ಮ ಮನೆಯಲ್ಲಿ ಬೆಳಕಿರಲಿ.

ನಿನ್ನ ತಮ್ಮ
ರೌಫ್

ಮರೆತ ಮಾತು: ಇವತ್ತು ಸೋಮವಾರ ಬೆಳಿಗ್ಗೆ. ಮೌಲಾ ಸಾಬ್ ಚಾಚಾ ಹೊರಗೆ ಕೂತು ಚಹಾ ಕುಡಿಯುತ್ತಿದ್ದಾರೆ, ಅದು ಮುಗಿಯುವುದರೊಳಗೆ ಬರೆಯಬೇಕು, ಅಕ್ಷರ ಸೊಟ್ಟಗಾದರೆ ಬೈಯಬೇಡ. ನಿನ್ನೆ ಆಟ ಆಯಿತು. ನಾಗಕ್ಕನಿಗೆ ನೆಗಡಿ, ಗಂಟಲು ಕಟ್ಟಿತ್ತು. ಹಾಡಿನ ಕೊನೆಗೆ ಬರುವ ಹೊತ್ತಿಗೆ ಉಸಿರು ಸಾಲಲಿಲ್ಲ. ಹೋಗಿ ಬರ್ತೀನಿ ಅಂತ ರಿಷಭದಲ್ಲಿ ಎಳೆಯಬೇಕಾದವಳು ಬರೀ ಹೋಗ್ತೀನಿ ಅಂದು ಸಾ ಸ್ವರಕ್ಕೆ ಇಳಿಸಿಬಿಟ್ಟು ಪಕ್ಕದ ಪರದೆಯೊಳಗೆ ಹೋಗಿಬಿಟ್ಟಳು. ಆಮೇಲೆ ಬಂದು "ದಮ್ಮು ಸಾಲ್ಲಿಲ್ರೀ ಮಾಸ್ತರ್ರೆ, ತಪ್ಪಾತು" ಅಂದಳು, ಪಾಪ. ಆದರೆ ಅವಳು ಒಳಗೆ ಹೋದ ಹೊತ್ತಿಗೆ ಇಡೀ ಥಿಯೇಟರ್ ಖಾಲಿ ರಂಗವನ್ನೇ ನೋಡುತ್ತಿತ್ತು. ಹೆಂಗಸರ ಕಡೆಯಿಂದ ಯಾರೋ ಒಬ್ಬಾಕೆ "ಬರ್ತೀನಿ ಅನ್ನವ್ವಾ! ಏ ತಾಯಿ, ಬರ್ತೀನಿ ಅಂದು ಹೋಗವ್ವಾ!" ಅಂತ ಕೂಗಿದಳು. ಅವಳ ಹಿಂದೆ ಇನ್ನಷ್ಟು ಜನ ಅನ್ನವ್ವಾ, ಅನ್ನವ್ವಾ ಅಂದರು. ನಾನೂ ಪೇಟಿಯ ಮೇಲೆ ಕೈಯಿಟ್ಟುಕೊಂಡು ಒಳಗೊಳಗೇ ಅನ್ನು, ಅನ್ನು ಅಂದೆ. ಅವಳು ಆಗಲೇ ಹೋಗಿದ್ದಳು. ಆಗ ಆ ಸಾ ನನ್ನ ಕಿವಿಗೆ ಸರಿಯಾಗಿ ಬಿತ್ತು ಆಪಾ. ಬಸ್‌ಸ್ಟ್ಯಾಂಡಿನಲ್ಲಿ ಶಹಜಾದಿ ನಿಲ್ಲಿಸಿದ್ದೂ ಅಲ್ಲೇ. ಪೂರ್ತಿ ಇಳಿದು, ಕೂತು, ಮುಗಿಸಿ ಎದ್ದಿದ್ದಳು. ಬಾಗಿಲು ಅರ್ಧ ತೆರೆದಿಟ್ಟ ಆ ರಿಷಭ ಅವಳದಲ್ಲ, ನನ್ನದು. ಮೇಲೆ ಬರೆದ ಹೂಂ ಹೊಡೆದು ಹಾಕಿಕೊ. ಕಾಗದ ಬದಲಾಯಿಸಲು ಹೊತ್ತಿಲ್ಲ. ಭಾವ ಬಂದಾಗ ಹರಿಹರಕ್ಕೆ ಹೋಗಲಿ, ತಂಗಿಯ ಕೈ ಊಟ ಮಾಡಲಿ, ಕೊಕ್ಕನೂರಿನ ಶಾಲೆ ನೋಡಿಕೊಂಡು ಬರಲಿ. ನನ್ನ ಮಾತು ಮಾತ್ರ ಎತ್ತುವುದು ಬೇಡ. ಅವರು ಕೇಳಿದರೆ ಅವಳು ಇಲ್ಲ ಅನ್ನುವುದಿಲ್ಲ, ಅದಕ್ಕೇ ಕೇಳಬಾರದು.